ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ?

ಹೋದ ವರ್ಷ ನಮ್ಮ ತಾಲೂಕಿನಲ್ಲಿ ಒಂದು ಸಾಹಿತ್ಯ ಗೋಷ್ಠಿ. ವೇದಿಕೆಯ ಮೇಲೆ ಒಂಬತ್ತು ಜನ, ಎದುರಿಗೆ ಇನ್ನೂರು ಕುರ್ಚಿ. ಕುರ್ಚಿ ತುಂಬಬೇಕಲ್ಲ, ನಮ್ಮ ಪಿಯು ಕಾಲೇಜಿನ ಹುಡುಗ ಹುಡುಗಿಯರನ್ನು ಸಮವಸ್ತ್ರದಲ್ಲೇ ಸಾಲಾಗಿ ನಡೆಸಿಕೊಂಡು ಬಂದು ಕೂರಿಸಿದ್ದಾಯಿತು. ನಡೆಸಿಕೊಂಡು ಬಂದವಳು ನಾನೇ. ಕನ್ನಡ ಪಾಠ ಮಾಡುವವರಿಗೆ ಇಂಥ ಕೆಲಸ ತಪ್ಪಿದ್ದಲ್ಲ. ಮೈಕಿನ ಮುಂದೆ ನಿಂತ ಹಿರಿಯರು, ಇವತ್ತಿನ ಹುಡುಗರ ಕೈಗೆ ಮೊಬೈಲು ಬಂತು, ಪುಸ್ತಕ ಹೋಯಿತು ಎಂದರು. ಜೋರು ಚಪ್ಪಾಳೆ. ಅದೇ ಹೊತ್ತಿಗೆ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ತೊಡೆಯ ಮೇಲೆ ಫೋನಿಟ್ಟುಕೊಂಡು ತಲೆ ಬಗ್ಗಿಸಿ ಕೂತಿದ್ದು ಕಂಡಿತು. ಮಾನ ಹೋಯಿತಲ್ಲ ಎಂದುಕೊಂಡು ಎದ್ದು ಹೋದೆ. ತೆರೆಯ ಮೇಲೆ ರೀಲ್ಸ್ ಇರಲಿಲ್ಲ. ಕನ್ನಡ ಅಕ್ಷರಗಳಿದ್ದವು. ಮೇಲೆ ‘ಭಾಗ 63’ ಎಂದಿತ್ತು.

“ಏನೋ ಇದು?”

“ಕತೆ ಮಿಸ್. ದೆವ್ವದ್ದು.”

“ಅರವತ್ಮೂರು ಭಾಗ ಓದಿದೀಯಾ?”

“ಇನ್ನೂ ಇದೆ ಮಿಸ್.”

ಅವನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟೆ. ವೇದಿಕೆಯಲ್ಲಿ ಎರಡನೆಯವರು ಓದುವ ಸಂಸ್ಕೃತಿ ಸತ್ತುಹೋದದ್ದರ ಬಗ್ಗೆ ಮಾತಾಡುತ್ತಿದ್ದರು. ಊಟದ ಹೊತ್ತಿನಲ್ಲಿ ಅವರನ್ನು ಕೇಳಿದೆ: ಸರ್, ವಿಮರ್ಶೆ ಬರೆಯಬೇಕು, ಮುನ್ನುಡಿ ಬರೆಯಬೇಕು ಅನ್ನುವ ಕಾರಣಕ್ಕಲ್ಲದೆ, ಸುಮ್ಮನೆ ಖುಷಿಗೆ ಅಂತ ನೀವು ಕೊನೆಯ ಸಲ ಓದಿ ಮುಗಿಸಿದ ಕಾದಂಬರಿ ಯಾವುದು? ಅವರು ಸ್ವಲ್ಪ ಹೊತ್ತು ಯೋಚಿಸಿ, ಪಾಯಸ ಚೆನ್ನಾಗಿದೆ ಎಂದರು.

ಹದಿಹರೆಯದವರೆಲ್ಲ ಓದುತ್ತಿದ್ದಾರೆ, ನಾವು ಸುಮ್ಮನೆ ಗಾಬರಿ ಬೀಳುತ್ತಿದ್ದೇವೆ ಎಂದು ವಾದಿಸಲು ನಾನು ಕೂತಿಲ್ಲ. ನನ್ನ ತರಗತಿಯ ಎಂಬತ್ತು ಮಕ್ಕಳಲ್ಲಿ ಪಠ್ಯದ ಹೊರಗೆ ಏನಾದರೂ ಓದುವವರು ಹದಿನೈದು ಜನ ಇದ್ದಾರು. ಉಳಿದವರು ಓದುವುದಿಲ್ಲ, ನಿಜ. ಆದರೆ ಆ ಅರವತ್ತೈದು ಜನರ ಕೈಯಿಂದ ಪುಸ್ತಕವನ್ನು ಕಿತ್ತುಕೊಂಡದ್ದು ಮೊಬೈಲು ಎನ್ನುವ ಮಾತಿದೆಯಲ್ಲ, ಅದು ದೊಡ್ಡವರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡ ಕತೆ. ಕಿತ್ತುಕೊಳ್ಳಬೇಕಾದರೆ ಮೊದಲು ಕೈಯಲ್ಲಿ ಇರಬೇಕು. ಆ ಕೈಗೆ ನಾವು ಯಾವಾಗ, ಯಾವ ಪುಸ್ತಕ ಕೊಟ್ಟಿದ್ದೆವು?

ಮೊದಲು ಆ ಹದಿನೈದು ಜನ ಏನು ಓದುತ್ತಾರೆ ನೋಡೋಣ. ಹುಡುಗಿಯರಲ್ಲಿ ಹೆಚ್ಚಿನವರು ಪ್ರತಿಲಿಪಿಯಲ್ಲಿ ಧಾರಾವಾಹಿ ಓದುತ್ತಾರೆ. ನಮ್ಮ ಬೆಂಗಳೂರಿನಲ್ಲೇ 2014ರಲ್ಲಿ ಶುರುವಾದ ವೇದಿಕೆ ಅದು, ಯಾರು ಬೇಕಾದರೂ ಕನ್ನಡದಲ್ಲಿ ಬರೆದು ಹಾಕಬಹುದು. ಇಂಗ್ಲಿಷ್ ಸಲೀಸಾಗಿ ಬರುವ ಇಬ್ಬರು ವಾಟ್‌ಪ್ಯಾಡ್‌ನಲ್ಲಿದ್ದಾರೆ. ಒಬ್ಬ ಜಪಾನಿನ ಮಾಂಗಾಗಳನ್ನು ಇಂಗ್ಲಿಷಿನಲ್ಲಿ ಓದುತ್ತಾನೆ, ಪುಟವನ್ನು ಬಲದಿಂದ ಎಡಕ್ಕೆ ಓದಬೇಕು ಎಂದು ನನಗೆ ಹೇಳಿಕೊಟ್ಟವನು ಅವನೇ. ಇಬ್ಬರು ಟೆಲಿಗ್ರಾಮ್ ಗುಂಪುಗಳಲ್ಲಿ ಹರಿದಾಡುವ ಕಳ್ಳ ಪಿಡಿಎಫ್‌ಗಳಲ್ಲಿ ತೇಜಸ್ವಿಯನ್ನು ಓದುತ್ತಾರೆ. ಅದು ತಪ್ಪು ಎಂದು ಹೇಳಿದೆ. “ಮಿಸ್, ಅಂಗಡಿ ಎಲ್ಲಿದೆ ಹೇಳಿ, ತಗೋತೀವಿ” ಎಂದರು. ನಮ್ಮ ಊರಲ್ಲಿ ಪುಸ್ತಕದಂಗಡಿ ಎಂದು ಬೋರ್ಡು ಹಾಕಿಕೊಂಡಿರುವ ಎರಡೂ ಕಡೆ ಸಿಗುವುದು ಗೈಡು, ಪ್ರಶ್ನೆಪತ್ರಿಕೆ, ಬಿಳಿ ಹಾಳೆ.

ಧಾರಾವಾಹಿಗಳ ವಿಚಾರಕ್ಕೆ ಬರುತ್ತೇನೆ. ಒಂದು ಬೇಸಿಗೆ ರಜೆಯಲ್ಲಿ ಹಟಕ್ಕೆ ಬಿದ್ದು ನಾಲ್ಕು ಓದಿದೆ. ಚೆನ್ನಾಗಿವೆ ಎಂದು ಸುಳ್ಳು ಹೇಳಲಾರೆ. ಕೋಟ್ಯಧಿಪತಿ ನಾಯಕ, ಒಪ್ಪಂದದ ಮದುವೆ, ಬಡ ಹುಡುಗಿ, ಕೇಡಿಗಳಾದ ಅತ್ತೆ ನಾದಿನಿ. ಹುಡುಗಿಯ ಕೈ ಹಿಡಿದು ಎಳೆದಾಡುವವನನ್ನೇ ಕೊನೆಗೆ ಪ್ರೀತಿಯ ದೇವರು ಮಾಡುತ್ತಾರೆ, ಅದು ನನಗೆ ಮೈ ಉರಿಸಿತು. ಕಂತು ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ, ಮುಗಿಯುವಾಗ ಯಾರೋ ಬಾಗಿಲು ತಟ್ಟಿರುತ್ತಾರೆ. ಇಂಥ ಕೆಲವು ಆ್ಯಪ್‌ಗಳಲ್ಲಿ ಮುಂದಿನ ಕಂತನ್ನು ಬೇಗ ಓದಬೇಕಾದರೆ ನಾಣ್ಯ ಕೊಳ್ಳಬೇಕು, ಇಲ್ಲವೇ ಚಂದಾದಾರರಾಗಬೇಕು. ಹದಿನಾರು ವರ್ಷದವರ ಕುತೂಹಲವನ್ನು ಕಂತಿಗಿಷ್ಟು ಎಂದು ಮಾರುವ ವ್ಯಾಪಾರ ಅದು, ಅದನ್ನು ವ್ಯಾಪಾರ ಎಂದೇ ಕರೆಯೋಣ.

ಆದರೆ ನೆನಪಿಟ್ಟುಕೊಂಡು ಮಾತಾಡೋಣ. 1990ರ ಆಸುಪಾಸಿನಲ್ಲಿ ನಾನು ಎಂಟನೇ ಕ್ಲಾಸು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು, ದಿನಕ್ಕೆ ಐವತ್ತು ಪೈಸೆ ಬಾಡಿಗೆ. ತ್ರಿವೇಣಿ, ಸಾಯಿಸುತೆ, ಉಷಾ ನವರತ್ನರಾಂ, ಯಂಡಮೂರಿ. ‘ತುಳಸಿದಳ’ವನ್ನು ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟುಕೊಂಡು ಓದಿ, ರಾತ್ರಿ ಬಚ್ಚಲಿಗೆ ಹೋಗಲು ಹೆದರಿ ಅಕ್ಕನನ್ನು ಎಬ್ಬಿಸುತ್ತಿದ್ದೆ. ಅಪ್ಪನಿಗೆ ಸಿಕ್ಕಿಬಿದ್ದ ದಿನ ಅವರು ಹೇಳಿದ ಮಾತು: “ಕಾದಂಬರಿ ಓದಿ ಓದಿ ಹುಡುಗಿ ಕೆಟ್ಟುಹೋಗ್ತಾಳೆ.” ಈಗ ಅದೇ ಮಾತಿನಲ್ಲಿ ಕಾದಂಬರಿ ಅನ್ನುವುದನ್ನು ತೆಗೆದು ಮೊಬೈಲು ಅಂತ ಹಾಕಿ ವೇದಿಕೆ ಹತ್ತುತ್ತಿದ್ದೇವೆ. ಅಪ್ಪನ ಕಾಲದ ಹುಡುಗರು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಕದ್ದು ಓದುತ್ತಿದ್ದರು. ಆ ನೂರಾರು ಕಾದಂಬರಿಗಳಲ್ಲಿ ಒಂದನ್ನೂ ವಿಶ್ವವಿದ್ಯಾಲಯದವರು ಸಾಹಿತ್ಯ ಎಂದು ಒಪ್ಪಿರಲಿಲ್ಲ. ಇವತ್ತು ಅದೇ ವಿಶ್ವವಿದ್ಯಾಲಯದವರು ‘ಕನ್ನಡಕ್ಕೆ ಓದುಗರನ್ನು ಸೃಷ್ಟಿಸಿದವರು’ ಎಂದು ಅವರ ಹೆಸರು ಹೇಳುತ್ತಾರೆ. ಅದಕ್ಕೂ ಹಿಂದೆ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರಲ್ಲ, ಆಗ ಕನ್ನಡದಲ್ಲಿ ಕಾದಂಬರಿ ಅನ್ನುವುದೇ ಹೊಸ ಚಾಳಿ.

ಕಂತಿನ ಆಟವೂ ಹೊಸದಲ್ಲ. ‘ಸುಧಾ’ ಶುರುವಾದದ್ದು 1965ರಲ್ಲಿ. ಅದರ ಧಾರಾವಾಹಿಯ ಮುಂದಿನ ಕಂತಿಗಾಗಿ ವಾರಪೂರ್ತಿ ಕಾದು, ಪತ್ರಿಕೆ ಬಂದ ತಕ್ಷಣ ಮೊದಲು ಯಾರು ಓದಬೇಕು ಎಂದು ಜಗಳ ಆಡಿದ ಮನೆಗಳು ಎಷ್ಟಿದ್ದವು. ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪುತ್ತೇನೆ. ನಮ್ಮ ಪತ್ರಿಕೆಯ ಮಧ್ಯದಿಂದ ಯಾರೂ ಎದ್ದು ಬಂದು ಭುಜ ತಟ್ಟಿ, ಇಲ್ಲಿ ನೋಡು, ಅಲ್ಲಿ ನೋಡು ಅನ್ನುತ್ತಿರಲಿಲ್ಲ. ಫೋನು ಅನ್ನುತ್ತದೆ. ಭಾಗ 63 ಓದುವ ಹುಡುಗ ಹತ್ತು ನಿಮಿಷದಲ್ಲಿ ಮೂರು ಸಲ ವಾಟ್ಸ್‌ಆ್ಯಪ್‌ಗೆ ಹೋಗಿ ಬಂದದ್ದನ್ನು ನಾನೇ ನೋಡಿದೆ. ನಲವತ್ತು ಪುಟ ಒಂದೇ ಉಸಿರಿನಲ್ಲಿ ಓದುವ ಅಭ್ಯಾಸಕ್ಕೆ ಇದು ಪೆಟ್ಟು ಕೊಡುತ್ತದೆ. ಈ ಪೆಟ್ಟು ನನಗೂ ಬಿದ್ದಿದೆ, ಇದನ್ನು ಓದುತ್ತಿರುವ ನಿಮಗೂ ಬಿದ್ದಿರಬಹುದು. ಹಾಗಿರುವಾಗ ಅದನ್ನು ಹದಿನಾರರವರ ರೋಗ ಎಂದೇಕೆ ಕರೆಯುತ್ತೇವೆ?

ಈಗ ನನ್ನ ತಪ್ಪಿನ ಕತೆ. ಅದನ್ನು ಹೇಳದೆ ಬೇರೆಯವರನ್ನು ಬೈಯುವ ಅಧಿಕಾರ ನನಗಿಲ್ಲ.

ಕೋವಿಡ್ ಮುಗಿದು ಕಾಲೇಜು ಪೂರ್ತಿ ತೆರೆದ ವರ್ಷ. ದ್ವಿತೀಯ ಪಿಯು ಕಲಾ ವಿಭಾಗದ ಒಬ್ಬ ಹುಡುಗಿ, ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿಯಿಂದ ಬರುತ್ತಿದ್ದಳು. ನಮ್ಮಲ್ಲಿ ಫೋನು ತರುವಂತಿಲ್ಲ. ಎರಡು ವರ್ಷ ಫೋನಿನಲ್ಲೇ ಪಾಠ ಕೇಳಿ ಎಂದು ಹೇಳಿದವರೂ ನಾವೇ ಅನ್ನುವುದು ಬೇರೆ ಮಾತು. ಹಳಗನ್ನಡದ ಪಾಠದ ಮಧ್ಯೆ ಅವಳು ಡೆಸ್ಕಿನ ಕೆಳಗೆ ಏನೋ ಒತ್ತುತ್ತಿದ್ದಳು. ನಾನು ಫೋನು ಕಿತ್ತುಕೊಂಡು ಕಚೇರಿಗೆ ಕೊಟ್ಟೆ. ನಿಯಮದ ಪ್ರಕಾರ ಮನೆಯವರು ಬಂದು ತೆಗೆದುಕೊಂಡು ಹೋಗಬೇಕು. ಮರುದಿನ ಅವಳ ಅಪ್ಪ ಬಂದರು, ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವವರು, ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಯಾವ ಹುಡುಗನ ಜೊತೆ ಮೆಸೇಜು ಎಂದು ಎಲ್ಲರ ಕಣ್ಣು ಆ ಫೋನಿನ ಮೇಲೆ. ಗುಮಾಸ್ತರೊಬ್ಬರು ಅದನ್ನು ತೆರೆಸಿ, ತೆರೆದುಕೊಂಡಿದ್ದ ಪುಟವನ್ನು ಗಟ್ಟಿಯಾಗಿ ಓದಿದರು. ಅದು ಅವಳು ಬರೆಯುತ್ತಿದ್ದ ಕತೆ. ಹನ್ನೊಂದನೇ ಭಾಗ. ಹಮಾಲಿಯೊಬ್ಬನ ಮಗಳು ಊರು ಬಿಟ್ಟು ಹೋಗುವ ಕತೆ. ಕೆಳಗೆ ಯಾರು ಯಾರೋ ‘ಮುಂದಿನ ಭಾಗ ಬೇಗ ಹಾಕಿ ಅಕ್ಕ’ ಎಂದು ಬರೆದಿದ್ದರು. ಗುಮಾಸ್ತರು ಅದನ್ನೂ ಓದಿದರು, ರಾಗವಾಗಿ. ಕಚೇರಿಯಲ್ಲಿದ್ದವರು ನಕ್ಕರು. ನಾನು ನಗಲಿಲ್ಲ ಎಂದು ಬರೆಯಬಹುದಿತ್ತು. ನಕ್ಕೆ, ಸ್ವಲ್ಪ.

ಅಪ್ಪ ಏನೂ ಅನ್ನಲಿಲ್ಲ, ಫೋನನ್ನು ಅಂಗಿ ಜೇಬಿಗೆ ಹಾಕಿಕೊಂಡು ಹೋದರು. ಆಮೇಲೆ ಆ ಹುಡುಗಿ ತರಗತಿಯಲ್ಲಿ ತುಟಿ ಬಿಚ್ಚಲಿಲ್ಲ. ಪರೀಕ್ಷೆ ಬರೆದಳು, ಪಾಸಾದಳು. ಟಿಸಿ ತೆಗೆದುಕೊಳ್ಳಲು ಬಂದ ದಿನ ವರಾಂಡದಲ್ಲಿ ನಿಲ್ಲಿಸಿ ಕೇಳಿದೆ, “ಆ ಕತೆ ಮುಗಿಸಿದೆಯಾಮ್ಮ?”

“ಯಾವ ಕತೆ ಮಿಸ್?” ಎಂದಳು.

ಮೂವತ್ತು ವರ್ಷ ಕನ್ನಡ ಸಾಹಿತ್ಯವನ್ನು ಓದಿ, ಪಾಠ ಮಾಡಿ, ಕನ್ನಡದಲ್ಲಿ ಕತೆ ಬರೆಯುತ್ತಿದ್ದ ಒಂದು ಮಗುವನ್ನು ಹೀಗೆ ನಿಲ್ಲಿಸಿದವಳು ನಾನು. ಮೊಬೈಲು ಅವಳಿಗೆ ಓದು, ಬರಹ, ಓದುಗರು ಎಲ್ಲವನ್ನೂ ಕೊಟ್ಟಿತ್ತು.

ಆ ಕಾಲೇಜಿನಲ್ಲಿ ಪುಸ್ತಕ ಇರಲಿಲ್ಲವೇ? ಇತ್ತು. ಪ್ರಾಂಶುಪಾಲರ ಕೋಣೆಯ ಪಕ್ಕದಲ್ಲಿ ಮೂರು ಗಾಡ್ರೆಜ್ ಬೀರುಗಳಲ್ಲಿ. ಬೀಗ ಹಾಕಿತ್ತು. ನೀವು ಯಾವುದೇ ಸರ್ಕಾರಿ ಪ್ರೌಢಶಾಲೆಗೆ, ಪಿಯು ಕಾಲೇಜಿಗೆ ಹೋಗಿ, ಬೀರು ಇದ್ದೇ ಇರುತ್ತದೆ, ಬೀಗ ಇದ್ದೇ ಇರುತ್ತದೆ. ಇದಕ್ಕೆ ಮೇಷ್ಟ್ರುಗಳು ಸೋಮಾರಿಗಳು ಎನ್ನುವುದಕ್ಕಿಂತ ಗಟ್ಟಿಯಾದ ಕಾರಣವಿದೆ. ಪುಸ್ತಕ ಅನ್ನುವುದು ಸರ್ಕಾರದ ಲೆಕ್ಕದಲ್ಲಿ ಓದುವ ವಸ್ತುವಲ್ಲ, ದಾಸ್ತಾನು. ಕುರ್ಚಿ, ಮೇಜು, ಗೋಡೆ ಗಡಿಯಾರದ ಹಾಗೆ ದಾಸ್ತಾನು ವಹಿಯಲ್ಲಿ ಅದಕ್ಕೊಂದು ಕ್ರಮಸಂಖ್ಯೆ. ಆಡಿಟ್ಟಿನವರು ಬಂದಾಗ ಒಂದು ಕಡಿಮೆಯಾದರೆ ವಹಿಗೆ ಸಹಿ ಹಾಕಿದವರು ಜವಾಬ್ದಾರರು. ಓದಿ ಓದಿ ಹರಿದ ಪುಸ್ತಕ ನಷ್ಟ, ಯಾರೂ ಮುಟ್ಟದೆ ಹೊಸದಾಗೇ ಉಳಿದ ಪುಸ್ತಕ ಒಳ್ಳೆಯ ನಿರ್ವಹಣೆ. ವರ್ಷವಿಡೀ ಯಾರೂ ಒಂದು ಪುಸ್ತಕ ಮುಟ್ಟಲಿಲ್ಲವಲ್ಲ ಎಂದು ನನ್ನನ್ನು ಇಷ್ಟು ವರ್ಷದಲ್ಲಿ ಯಾವ ಅಧಿಕಾರಿಯೂ ಕೇಳಿಲ್ಲ.

ಕಾನೂನಿಗೇನೂ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ, ಕತೆ ಪುಸ್ತಕಗಳೂ ಇರಬೇಕು ಎಂದು ಬರೆದಿದೆ. ಕತೆ ಪುಸ್ತಕ ಎಂದು ಕಾನೂನಿನಲ್ಲೇ ಹೇಳಿದ್ದಾರೆ, ನೋಡಿ ಎಂಥ ಚಂದ. ಆದರೆ ಆ ಕಾಯ್ದೆ ಎಂಟನೇ ತರಗತಿಗೆ, ಹದಿನಾಲ್ಕನೇ ವಯಸ್ಸಿಗೆ ಮುಗಿಯುತ್ತದೆ. ನಾನು ಮಾತಾಡುತ್ತಿರುವ ವಯಸ್ಸು ಶುರುವಾಗುವುದೇ ಅಲ್ಲಿಂದ. ಇನ್ನು ಸಾರ್ವಜನಿಕ ಗ್ರಂಥಾಲಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಸೆಸ್ಸು ಕಟ್ಟುತ್ತೇವೆ. ನಿಮ್ಮ ಮನೆಯ ಕಂದಾಯದ ರಸೀದಿ ತೆಗೆದು ನೋಡಿ. ಆ ದುಡ್ಡನ್ನು ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳು ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಂಡಿವೆ ಎನ್ನುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಮೊಬೈಲಿನ ಬಗ್ಗೆ ಭಾಷಣ ಮಾಡುವವರು ಯಾರೂ ಈ ಬಾಕಿಯ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಒಳ್ಳೆಯದು ಆಗಿದ್ದನ್ನೂ ಹೇಳಬೇಕು. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ. 2020ರಲ್ಲಿ ‘ಓದುವ ಬೆಳಕು’ ಎಂದು ಕಾರ್ಯಕ್ರಮ ಮಾಡಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ನನ್ನ ತವರಿನ ಹಳ್ಳಿಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಸಂಜೆ ಐದಕ್ಕೆ ಚಿಕ್ಕ ಮಕ್ಕಳು ಚಾಪೆಯ ಮೇಲೆ ಮಲಗಿಕೊಂಡು ಓದುತ್ತಿದ್ದವು, ನೋಡಿಕೊಳ್ಳುವ ಹೆಂಗಸು ಪುಸ್ತಕ ಹರಿದರೆ ಗೋಂದು ಹಚ್ಚುತ್ತಿದ್ದಳು, ಬೈಯುತ್ತಿರಲಿಲ್ಲ. ಆ ಮಕ್ಕಳೆಲ್ಲ ಐದು, ಆರನೇ ತರಗತಿಯವು. ದೊಡ್ಡ ಮಕ್ಕಳು ಬರುವುದಿಲ್ಲವಾ ಎಂದೆ. “ಹೈಸ್ಕೂಲಿಗೆ ಹೋದ್ಮೇಲೆ ಟ್ಯೂಷನ್ನು ಅಕ್ಕ, ಬಸ್ ಇಳಿಯೋದೇ ಏಳು ಗಂಟೆ” ಎಂದಳು.

ಇದೇ ನಿಜವಾದ ಕಳ್ಳ. ಮೊಬೈಲಿಗೆ ಬೈಯುವವರಿಗೆ ನಾನು ಒಂದು ಸಣ್ಣ ಪರೀಕ್ಷೆ ಕೊಡುತ್ತೇನೆ: ಮೊಬೈಲೇ ಇಲ್ಲದ ಹದಿಹರೆಯದವರು ಈ ರಾಜ್ಯದಲ್ಲಿ ಎಲ್ಲಿ ಸಿಗುತ್ತಾರೆ? ನೀಟ್, ಸಿಇಟಿ, ಜೆಇಇಗೆ ತಯಾರು ಮಾಡುವ ವಸತಿ ಕಾಲೇಜುಗಳಲ್ಲಿ. ಅಲ್ಲಿ ಫೋನು ಪೂರ್ತಿ ನಿಷಿದ್ಧ, ಮನೆಗೆ ಮಾತಾಡಬೇಕಾದರೆ ವಾರಕ್ಕೊಮ್ಮೆ ಸಾಲಿನಲ್ಲಿ ನಿಲ್ಲಬೇಕು. ಮೊಬೈಲೇ ಶತ್ರುವಾಗಿದ್ದರೆ ಆ ಹಾಸ್ಟೆಲುಗಳಲ್ಲಿ ಮಕ್ಕಳು ಕುವೆಂಪು, ಕಾರಂತರಲ್ಲಿ ಮುಳುಗಿ ಹೋಗಿರಬೇಕಿತ್ತು. ನನ್ನ ಅಣ್ಣನ ಮಗ ಅಂಥ ಒಂದು ಕಡೆ ಎರಡು ವರ್ಷ ಇದ್ದ. ಹೋಗುವಾಗ ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ‘ಜುಗಾರಿ ಕ್ರಾಸ್’ ಇಟ್ಟುಕೊಂಡಿದ್ದ. ಮೊದಲ ವಾರದ ತಪಾಸಣೆಯಲ್ಲೇ ವಾರ್ಡನ್ ಕಿತ್ತುಕೊಂಡರು. ‘ಸಿಲಬಸ್ಸಿಗೆ ಸಂಬಂಧಿಸದ ಪುಸ್ತಕ’ ಎಂದು ಚೀಟಿ ಬರೆದು, ಚಕ್ಕುಲಿ ಡಬ್ಬಿಯ ಜೊತೆ ಮನೆಗೆ ಕಳಿಸಿದರು. ಅಣ್ಣ ಅದನ್ನು ಒಪ್ಪಿಕೊಂಡ. ಅತ್ತಿಗೆಯೂ ಒಪ್ಪಿಕೊಂಡರು. ಎರಡು ವರ್ಷ ತಾನೇ ಎಂದರು. ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹತ್ತೂವರೆವರೆಗೆ ಆ ಹುಡುಗ ಓದಿದ, ಎರಡು ವರ್ಷ ಓದಿದ, ಕತೆ ಅಂತ ಒಂದು ಸಾಲೂ ಓದಲಿಲ್ಲ. ಈಗ ಇಂಜಿನಿಯರಿಂಗ್ ಮೂರನೇ ವರ್ಷ. ಪುಸ್ತಕ ಕೊಟ್ಟರೆ ಇಪ್ಪತ್ತು ಪುಟಕ್ಕೆ ತಲೆ ನೋಯುತ್ತದೆ ಅನ್ನುತ್ತಾನೆ. ಅವನ ಕೈಯಲ್ಲೀಗ ಫೋನಿದೆ, ಅದನ್ನು ನೋಡಿ ಅಣ್ಣ ಹೇಳುತ್ತಾನೆ: “ನೋಡು, ಈ ಮೊಬೈಲ್ ಬಂದು ಓದೋದೇ ಬಿಟ್ಟ.”

ಹದಿನಾಲ್ಕರಿಂದ ಹದಿನೆಂಟು ಅಂದರೆ ಮನುಷ್ಯ ಪುಸ್ತಕದ ಹುಚ್ಚು ಹಿಡಿಸಿಕೊಳ್ಳುವ ವಯಸ್ಸು. ಎಸ್ಸೆಸ್ಸೆಲ್ಸಿ, ಪಿಯುಸಿ ಎಂದು ಆ ನಾಲ್ಕೂ ವರ್ಷಗಳನ್ನು ನಾವೇ ಹರಾಜು ಹಾಕಿದ್ದೇವೆ.

ಹಾಗೆ ಎಲ್ಲರೂ ಹುಚ್ಚು ಹಿಡಿಸಿಕೊಳ್ಳುವ ಸ್ಥಿತಿಯಲ್ಲೂ ಇಲ್ಲ, ಅದು ಇನ್ನೂ ಕಹಿ. ದೇಶದ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು ನೋಡಿದ 2023ರ ಅಸರ್ ವರದಿಯ ಪ್ರಕಾರ, ಅವರಲ್ಲಿ ಸುಮಾರು ಕಾಲುಭಾಗದ ಮಕ್ಕಳಿಗೆ ತಮ್ಮ ಭಾಷೆಯ ಎರಡನೇ ತರಗತಿಯ ಪಠ್ಯವನ್ನು ಸರಾಗವಾಗಿ ಓದಲು ಬರುವುದಿಲ್ಲ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲ ಐದನೇ ತರಗತಿ ಮಕ್ಕಳು 2018ರಲ್ಲಿ ಶೇ. 46ರಷ್ಟಿದ್ದವರು, ಕೋವಿಡ್ ಕಳೆದು 2022ರಲ್ಲಿ ನೋಡಿದಾಗ ಶೇ. 30ರಷ್ಟಕ್ಕೆ ಇಳಿದಿದ್ದರು. ಆ ಮಕ್ಕಳೇ ಈಗ ಹೈಸ್ಕೂಲಿಗೆ ಬಂದಿದ್ದಾರೆ. ಒಂದೊಂದು ಅಕ್ಷರ ಕೂಡಿಸಿ ಓದುವ ಮಗುವಿಗೆ ಕತೆಯ ಸಾಲು ಮುಗಿಯುವಷ್ಟರಲ್ಲಿ ಸಾಲಿನ ಮೊದಲು ಮರೆತಿರುತ್ತದೆ. ಅದಕ್ಕೆ ಓದು ಸುಖವಾಗುವುದು ಹೇಗೆ? ಅದು ವಿಡಿಯೋ ನೋಡುವುದು ವಿಡಿಯೋದ ಮೋಹಕ್ಕಿಂತ ಹೆಚ್ಚಾಗಿ, ಕತೆ ಕೇಳಲು ಅದಕ್ಕೆ ಬೇರೆ ಬಾಗಿಲು ತೆರೆದಿಲ್ಲ ಎಂಬ ಕಾರಣಕ್ಕೆ. ಪಟ್ಟಣದ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಕನ್ನಡದ ಮಟ್ಟಿಗೆ ಇದೇ ಪಾಡು. ಚರ್ಚ್ ಸ್ಟ್ರೀಟಿನ ಅಂಗಡಿಗಳಲ್ಲಿ ನೆಲದ ಮೇಲೆ ಕೂತು ಕಾಲಿನ್ ಹೂವರ್ ಓದುವ ಹುಡುಗಿಯರು ಮನೆಯಲ್ಲಿ ಒಳ್ಳೆಯ ಕನ್ನಡ ಮಾತಾಡುತ್ತಾರೆ, ಒತ್ತಕ್ಷರ ಬಂದರೆ ನಿಲ್ಲುತ್ತಾರೆ.

ಇನ್ನು ಬರೆಯುವವರಿಗೆ ಎರಡು ಮಾತು. ಈ ಪತ್ರಿಕೆಯ ಓದುಗರಲ್ಲಿ ಅರ್ಧ ಜನ ನೀವೇ ತಾನೇ.

ಕನ್ನಡದಲ್ಲಿ ಮಕ್ಕಳ ಪುಸ್ತಕ ಹನ್ನೆರಡನೇ ವಯಸ್ಸಿಗೆ ಮುಗಿಯುತ್ತದೆ. ಆಮೇಲೆ ನೇರವಾಗಿ ಭೈರಪ್ಪ, ಅನಂತಮೂರ್ತಿ. ನಡುವೆ ಒಂದು ದೊಡ್ಡ ಹಳ್ಳ, ದಾಟಲು ಸಂಕ ಇಲ್ಲ. ಚಂದಮಾಮ 1949ರಿಂದ ಕನ್ನಡದಲ್ಲಿ ಬರುತ್ತಿತ್ತು, ಹತ್ತು ವರ್ಷಕ್ಕೂ ಹಿಂದೆಯೇ ನಿಂತಿತು. ನಿಂತಾಗ ನಾವೆಲ್ಲ ನೆನಪಿನ ಲೇಖನ ಬರೆದೆವು, ಚಂದಾ ಯಾವಾಗ ಬಿಟ್ಟಿದ್ದೆವು ಅನ್ನುವುದನ್ನು ಬರೆಯಲಿಲ್ಲ. ಹದಿನೈದರ ಹುಡುಗರಿಗೆಂದೇ ಬರೆಯದಿದ್ದರೂ ಅವರು ತಾವಾಗಿಯೇ ಹುಡುಕಿಕೊಂಡು ಹೋಗುವ ಲೇಖಕ ಇವತ್ತಿಗೂ ಒಬ್ಬರೇ, ಪೂರ್ಣಚಂದ್ರ ತೇಜಸ್ವಿ. ಅವರು ತೀರಿಕೊಂಡದ್ದು 2007ರಲ್ಲಿ. ಇವತ್ತು ಹದಿನೈದು ವರ್ಷದವರು ಆಗ ಹುಟ್ಟಿರಲೂ ಇಲ್ಲ. ‘ಕರ್ವಾಲೊ’ ಬಂದದ್ದು 1980ರಲ್ಲಿ. ಒಂದು ಭಾಷೆಯ ಹದಿಹರೆಯ ಪೂರ್ತಿ ಒಬ್ಬ ಲೇಖಕರ ಹೆಗಲ ಮೇಲೆ ಎಷ್ಟು ದಿನ ಕೂತಿರಬೇಕು? ನಾ. ಡಿಸೋಜರಂಥವರು ಬರೆದರು, ಅವರ ‘ಮುಳುಗಡೆಯ ಊರಿಗೆ ಬಂದವರು’ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರವೂ ಬಂತು. ಆ ಪುಸ್ತಕ ನಿಮ್ಮ ಊರಿನ ಎಷ್ಟು ಶಾಲೆಗಳ ಬೀರುವಿನಲ್ಲಿದೆ, ವಿಚಾರಿಸಿ ನೋಡಿ.

ನಮ್ಮ ಮಕ್ಕಳ ಕತೆಗಳಲ್ಲಿ ಹುಡುಗ ಇನ್ನೂ ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋಗುತ್ತಾನೆ, ಕೆರೆಯಲ್ಲಿ ಈಜುತ್ತಾನೆ, ಮರ ಉಳಿಸುತ್ತಾನೆ, ಕೊನೆಗೆ ಎಲ್ಲರೂ ಅವನನ್ನು ಹೊಗಳುತ್ತಾರೆ. ಅವನಿಗೆ ಮೀಸೆ ಬರುವುದಿಲ್ಲ. ಅವನು ಯಾರನ್ನೂ ಇಷ್ಟಪಡುವುದಿಲ್ಲ. ಅವನ ಅಪ್ಪ ಕುಡಿಯುವುದಿಲ್ಲ, ಅವನ ಜಾತಿಯನ್ನು ಯಾರೂ ಕೇಳುವುದಿಲ್ಲ, ಅವನು ಯಾವ ಪರೀಕ್ಷೆಯಲ್ಲೂ ಫೇಲಾಗುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಇದೆಲ್ಲ ಆಗುತ್ತದೆ, ವಾರಕ್ಕೊಂದು ಆಗುತ್ತದೆ. ಧಾರಾವಾಹಿ ಎಷ್ಟೇ ಕಳಪೆಯಾಗಿದ್ದರೂ, ನಿನಗೆ ಒಬ್ಬನ ಮೇಲೆ ಮನಸ್ಸಾಗಿದೆ, ನಿನಗೆ ಭಯವಾಗುತ್ತಿದೆ, ಅದು ನನಗೆ ಗೊತ್ತು ಎಂದು ಅದು ಹದಿನಾರರ ಹುಡುಗಿಗೆ ಹೇಳುತ್ತದೆ. ನಾವು ಅವಳಿಗೆ ನೀತಿ ಹೇಳುತ್ತೇವೆ. ಅವಳು ಯಾರ ಹತ್ತಿರ ಹೋಗುತ್ತಾಳೆ?

ಹಾಗೆಂದು ಫೋನಿನಲ್ಲಿ ಅವಳು ಓದಬಹುದಾದ ಒಳ್ಳೆಯದನ್ನಾದರೂ ಇಟ್ಟಿದ್ದೇವಾ ಎಂದರೆ ಅದೂ ಕಡಿಮೆ. 2016ರಲ್ಲಿ ಕಿಂಡಲ್‌ನಲ್ಲಿ ಭಾರತೀಯ ಭಾಷೆಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆಮೇಲೆ ನಮ್ಮವರೇ ಮೈಲ್ಯಾಂಗ್‌ನಂಥ ಆ್ಯಪ್ ಕಟ್ಟಿ ಇ-ಪುಸ್ತಕ, ಕೇಳುಪುಸ್ತಕ ತಂದರು. ಒಳ್ಳೆಯ ಕೆಲಸ. ಆದರೆ ಇ-ಪುಸ್ತಕ ಮಾಡಿದರೆ ಮುದ್ರಿತ ಪುಸ್ತಕ ಮಾರಾಟವಾಗುವುದಿಲ್ಲ ಎಂದು ಹೆದರುವ ಪ್ರಕಾಶಕರು ಇನ್ನೂ ಇದ್ದಾರೆ. ಅವರ ಪುಸ್ತಕಗಳು ಟೆಲಿಗ್ರಾಮಿನಲ್ಲಿ ಪುಕ್ಕಟೆ ಓಡಾಡುತ್ತಿವೆ, ಪಾಪ, ಅವರಿಗೆ ಗೊತ್ತಿಲ್ಲ.

ಆ ಹುಡುಗಿ ಟಿಸಿ ತೆಗೆದುಕೊಂಡು ಹೋದ ವರ್ಷದ ಜೂನಿನಲ್ಲಿ ನಾನು ಬೀರುವಿನ ಬೀಗದ ಕೈ ಕೇಳಿ ತೆಗೆದುಕೊಂಡೆ. ದಾಸ್ತಾನು ವಹಿಗೆ ನನ್ನ ಸಹಿ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬೀರು ತೆರೆದಿಟ್ಟು, ಒಂದು ನೂರು ಪುಟದ ನೋಟ್‌ಬುಕ್ಕನ್ನು ಮಕ್ಕಳ ಕೈಗೇ ಕೊಟ್ಟೆ, ನೀವೇ ಬರೆದುಕೊಳ್ಳಿ, ನೀವೇ ತೆಗೆದುಕೊಳ್ಳಿ ಎಂದೆ. ಏನು ಓದಿದಿರಿ ಎಂದು ಕೇಳುವುದಿಲ್ಲ, ಸಾರಾಂಶ ಬರೆಸುವುದಿಲ್ಲ, ಬಹುಮಾನ ಕೊಡುವುದಿಲ್ಲ ಎಂದೂ ಹೇಳಿದೆ. ಮೊದಲ ತಿಂಗಳು ಆರು ಜನ ಬಂದರು. ಈಗ ವಾರಕ್ಕೆ ಮೂವತ್ತು, ನಲವತ್ತು ಹೆಸರು ಬೀಳುತ್ತವೆ, ಪರೀಕ್ಷೆಯ ತಿಂಗಳಲ್ಲಿ ನಾಲ್ಕಕ್ಕೆ ಇಳಿಯುತ್ತದೆ. ಪವಾಡವೇನೂ ಆಗಿಲ್ಲ. ಎಂಬತ್ತರಲ್ಲಿ ಹದಿನೈದು ಎಂದೆನಲ್ಲ, ಅದು ಇದೆಲ್ಲ ಆದ ಮೇಲಿನ ಲೆಕ್ಕವೇ. ಇಪ್ಪತ್ತಮೂರು ಪುಸ್ತಕ ಹಿಂದೆ ಬಂದಿಲ್ಲ. ‘ಜುಗಾರಿ ಕ್ರಾಸ್’ ಒಂದೇ ಮೂರು ಪ್ರತಿ ಹೋಗಿದೆ, ಮೂರನೆಯದು ನನ್ನ ಸ್ವಂತದ್ದು. ಆಡಿಟ್ಟಿನವರ ಷರಾ ಬಂದಿದೆ, ನಾನು ವಿವರಣೆ ಕೊಡಬೇಕು, ಇಲ್ಲವೇ ಹಣ ಕಟ್ಟಬೇಕು. ಕಟ್ಟುತ್ತೇನೆ. ಸಹೋದ್ಯೋಗಿಗಳು ‘ನಾವು ಹೇಳಿರಲಿಲ್ವಾ’ ಎಂಬ ಮುಖ ಮಾಡಿಕೊಂಡು ಕಾಫಿ ಕುಡಿಯುತ್ತಿದ್ದಾರೆ.

ಗೋಷ್ಠಿಯ ಕೊನೆಯ ಸಾಲಿನ ಆ ಹುಡುಗ, ಭಾಗ 63ರವನು, ಕಳೆದ ತಿಂಗಳು ಬೀರುವಿನ ಹತ್ತಿರ ಬಂದ. ಅರ್ಧ ಗಂಟೆ ಸುಮ್ಮನೆ ಬೆನ್ನು ನೋಡುತ್ತ ನಿಂತಿದ್ದ. ‘ಕರ್ವಾಲೊ’ ತೆಗೆದುಕೊಂಡು ಹೋಗಿ ನಾಲ್ಕೇ ದಿನಕ್ಕೆ ತಂದುಕೊಟ್ಟ. ಚೆನ್ನಾಗಿತ್ತಾ ಎಂದು ಕೇಳಬಾರದು ಎಂದು ನಾನೇ ಮಾಡಿದ ನಿಯಮ, ಬಾಯಿ ಮುಚ್ಚಿಕೊಂಡಿದ್ದೆ. ಅವನೇ ಕೇಳಿದ.

“ಮಿಸ್, ಇದೇ ತರ ಇನ್ನೊಂದು ಕೊಡಿ. ಆದ್ರೆ ಈಗಿನ ಕಾಲದ್ದು. ನಮ್ಮ ತರದೋರು ಇರೋದು.”

ಮೂರೂ ಬೀರು ಹುಡುಕಿದೆ. ಮನೆಯಲ್ಲಿ ಎರಡು ಗೋಡೆ ಪುಸ್ತಕವಿದೆ, ಅಲ್ಲೂ ಹುಡುಕಿದೆ. ಅವನಿಗೆ ಸೋಮವಾರ ಬಾ ಎಂದು ಹೇಳಿ ಕಳಿಸಿದ್ದೇನೆ. ಮೂರು ಸೋಮವಾರ ಬಂದು ಹೋಗಿದ್ದಾನೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಅಂಥದ್ದೊಂದು ಇದ್ದರೆ, ಅಥವಾ ಅರ್ಧ ಬರೆದು ಇಟ್ಟಿದ್ದರೆ, ಮುಂದಿನ ಸೋಮವಾರದೊಳಗೆ ತಿಳಿಸಿ.